ಕಳುಹಿಸುವ ಮುನ್ನ ಕೇಳಬೇಕೇ?

ಅಮೆರಿಕದಿಂದ ದಾಖಲೆಯಿಲ್ಲದ ವಲಸಿಗರನ್ನು ಹೊರಗೆ ಕಳುಹಿಸುತ್ತಿರುವ ಸುದ್ದಿ 2025ರ ಆರಂಭದಿಂದ ಪತ್ರಿಕೆಗಳಲ್ಲಿ ಬಿಡುವಿಲ್ಲದೆ ಬರುತ್ತಿದೆ. ಅದರ ಬೆನ್ನಿಗೇ ‘ಡ್ಯೂ ಪ್ರೊಸೆಸ್’ (ನ್ಯಾಯಸಮ್ಮತ ಪ್ರಕ್ರಿಯೆ) ಎಂಬ ಮಾತೂ ಕೇಳಿಬರುತ್ತಿದ್ದು, ಹಾಗೆಂದರೇನು ಎಂದು ವಿಚಾರಿಸಿ ಹಲವರು ಬರೆದಿದ್ದಾರೆ. ಆ ಪತ್ರಗಳಲ್ಲಿ ಆರನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದೆರಡು ಪತ್ರಗಳನ್ನು ಸ್ಥಳಾಭಾವದಿಂದ ಮೊಟಕುಗೊಳಿಸಲಾಗಿದೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೊಟ್ಟಿಲ್ಲ.

ಪ್ರಶ್ನೆ: ಅನುಮತಿ ಇಲ್ಲದೆ ಬೇರೊಂದು ದೇಶದೊಳಕ್ಕೆ ನುಸುಳಿದವನು ಮೊದಲ ಹೆಜ್ಜೆಯಲ್ಲೇ ಆ ದೇಶದ ಕಾನೂನನ್ನು ಮುರಿದಿರುತ್ತಾನೆ. ಅಂಥವನಿಗೆ ಅಲ್ಲಿನ ಸಂವಿಧಾನದ ರಕ್ಷಣೆ ಯಾಕೆ ಸಿಗಬೇಕು? ಸಂವಿಧಾನ ಇರುವುದು ಆ ದೇಶದ ಪ್ರಜೆಗಳಿಗಲ್ಲವೇ?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಐದನೆಯ ತಿದ್ದುಪಡಿಯು, ನ್ಯಾಯಸಮ್ಮತ ಪ್ರಕ್ರಿಯೆ ಇಲ್ಲದೆ ಯಾವ ‘ವ್ಯಕ್ತಿ’ಯ ಪ್ರಾಣ, ಸ್ವಾತಂತ್ರ್ಯ ಅಥವಾ ಆಸ್ತಿಯನ್ನೂ ಕಸಿದುಕೊಳ್ಳುವಂತಿಲ್ಲ ಎಂದು ಹೇಳುತ್ತದೆ. ಕೇಂದ್ರ ಸರ್ಕಾರಕ್ಕೆ ಹಾಕಿದ ಈ ಕಟ್ಟುಪಾಡನ್ನು 1868ರ ಹದಿನಾಲ್ಕನೆಯ ತಿದ್ದುಪಡಿ ರಾಜ್ಯಗಳಿಗೂ ವಿಸ್ತರಿಸಿತು. ಎರಡರಲ್ಲೂ ಇರುವ ಪದ ‘ವ್ಯಕ್ತಿ’ಯೇ. ಬರೆದವರಿಗೆ ‘ಪ್ರಜೆ’ ಎಂಬ ಪದ ಹೊಳೆಯಲಿಲ್ಲವೆಂದು ಹೇಳುವಂತಿಲ್ಲ, ಏಕೆಂದರೆ ಹದಿನಾಲ್ಕನೆಯ ತಿದ್ದುಪಡಿಯ ಅದೇ ವಾಕ್ಯದಲ್ಲಿ, ಅದಕ್ಕೆ ತುಸು ಮೊದಲು, ಪ್ರಜೆಗಳಿಗೆ ಮಾತ್ರ ಸಲ್ಲುವ ವಿಶೇಷಾಧಿಕಾರಗಳ ಮಾತು ಬೇರೆಯಾಗಿಯೇ ಬಂದಿದೆ.

ಈ ವ್ಯತ್ಯಾಸಕ್ಕೆ ಜೀವ ತುಂಬಿದವರು ಹತ್ತೊಂಬತ್ತನೆಯ ಶತಮಾನದ ಚೀನೀ ಕೂಲಿಕಾರರು ಮತ್ತು ಅಗಸರು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಮರದ ಕಟ್ಟಡದೊಳಗೆ ಬಟ್ಟೆ ಒಗೆಯುವ ಅಂಗಡಿ ನಡೆಸಲು ನಗರ ಮಂಡಳಿಯ ಪರವಾನಗಿ ಬೇಕೆಂದು 1880ರಲ್ಲಿ ನಿಯಮವಾಯಿತು. ಬೆಂಕಿಯ ಭಯ ಅದಕ್ಕೆ ಕೊಟ್ಟ ಕಾರಣ. ಆದರೆ ಅರ್ಜಿ ಹಾಕಿದ ಸುಮಾರು 200 ಮಂದಿ ಚೀನೀಯರಿಗೆ ಪರವಾನಗಿ ಸಿಗಲಿಲ್ಲ. ಚೀನೀಯರಲ್ಲದವರಿಗೆ, ಒಬ್ಬರನ್ನು ಬಿಟ್ಟು, ಎಲ್ಲರಿಗೂ ಸಿಕ್ಕಿತು. 1886ರ ‘ಯಿಕ್ ವೋ ವಿರುದ್ಧ ಹಾಪ್ಕಿನ್ಸ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹದಿನಾಲ್ಕನೆಯ ತಿದ್ದುಪಡಿಯ ರಕ್ಷಣೆ ಪ್ರಜೆಗಳಿಗಷ್ಟೇ ಸೀಮಿತವಲ್ಲ ಎಂದು ಸ್ಪಷ್ಟಪಡಿಸಿತು. ಅವರಾದರೋ ಕಾನೂನುಬದ್ಧವಾಗಿ ಬಂದು ನೆಲಸಿದ್ದವರು ಎಂದು ನೀವು ಹೇಳಬಹುದು. ಹಾಗಿದ್ದರೆ ಹತ್ತು ವರ್ಷಗಳ ನಂತರದ ‘ವಾಂಗ್ ವಿಂಗ್’ ಪ್ರಕರಣವನ್ನು ನೋಡಬೇಕು. ಡೆಟ್ರಾಯಿಟ್‌ನಲ್ಲಿ ಸಿಕ್ಕಿಬಿದ್ದ ಕೆಲವು ಚೀನೀಯರು ಅಲ್ಲಿರಲು ಅರ್ಹರಲ್ಲವೆಂದು ತೀರ್ಮಾನಿಸಿದ ಅಧಿಕಾರಿಯೊಬ್ಬ, ಗಡೀಪಾರಿಗೆ ಮೊದಲು 60 ದಿನಗಳ ಕಠಿಣ ಸಜೆಯನ್ನೂ ವಿಧಿಸಿದ್ದ. ಗಡೀಪಾರು ಮಾಡುವುದು ಸರ್ಕಾರದ ಅಧಿಕಾರ, ಆದರೆ ನ್ಯಾಯಾಲಯದ ವಿಚಾರಣೆ ಇಲ್ಲದೆ ಸಜೆ ಕೊಡುವುದು ಐದು ಮತ್ತು ಆರನೆಯ ತಿದ್ದುಪಡಿಗಳಿಗೆ ವಿರುದ್ಧ ಎಂದು ಕೋರ್ಟ್ 1896ರ ಮೇ 18ರಂದು ತೀರ್ಪಿತ್ತಿತು. (ಕರಿಯರನ್ನು ರೈಲಿನಲ್ಲಿ ಬೇರೆ ಡಬ್ಬಿಯಲ್ಲಿ ಕೂರಿಸುವುದು ತಪ್ಪಲ್ಲ ಎಂಬ ಕುಖ್ಯಾತ ತೀರ್ಪನ್ನು ಅದೇ ಕೋರ್ಟ್ ಕೊಟ್ಟದ್ದು ಕೂಡ ಅದೇ ದಿನ. ಆ ನ್ಯಾಯಮೂರ್ತಿಗಳು ಉದಾರಿಗಳಾಗಿದ್ದರೆಂದು ಯಾರೂ ದೂರುವಂತಿಲ್ಲ.)

ಮೂರನೆಯದು ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಉಳಿದಿರುವ ಪ್ರಕರಣ. 1901ರ ಜುಲೈನಲ್ಲಿ ಹದಿನಾರು ವರ್ಷದ ಜಪಾನೀ ಹುಡುಗಿ ಯಮಾತಾಯ ಸಿಯಾಟಲ್ ಬಂದರಿನಲ್ಲಿ ಇಳಿದಳು. ಅವಳು ನಿರ್ಗತಿಕಳು, ಸರ್ಕಾರದ ಮೇಲೆ ಹೊರೆಯಾಗುವವಳು ಎಂದು ನಾಲ್ಕು ದಿನಗಳ ಬಳಿಕ ಅಧಿಕಾರಿಯೊಬ್ಬ ನಿರ್ಧರಿಸಿದ. ತನಗೆ ಇಂಗ್ಲಿಷ್ ಬರುವುದಿಲ್ಲ, ನಡೆದದ್ದು ತನ್ನ ಭವಿಷ್ಯದ ವಿಚಾರಣೆ ಎಂಬುದೇ ಅರ್ಥವಾಗಲಿಲ್ಲ ಎಂದು ಅವಳು ಹೇಳಿಕೊಂಡಳು. 1903ರಲ್ಲಿ ಸುಪ್ರೀಂ ಕೋರ್ಟ್, ದೇಶದೊಳಕ್ಕೆ ಕಾಲಿಟ್ಟ ವ್ಯಕ್ತಿ, ಅಕ್ರಮವಾಗಿ ಬಂದಿದ್ದಾನೆಂಬ ಆರೋಪವಿದ್ದರೂ, ತನ್ನ ಮಾತು ಹೇಳಿಕೊಳ್ಳಲು ಅವಕಾಶ ಪಡೆಯಲೇಬೇಕು ಎಂಬ ತತ್ತ್ವವನ್ನು ಸ್ಥಾಪಿಸಿತು. ಆದರೆ ಅದೇ ತೀರ್ಪಿನಲ್ಲಿ, ಅವಳಿಗೆ ಅಂಥ ಅವಕಾಶ ಸಿಕ್ಕಿತ್ತು, ಭಾಷೆ ಬಾರದಿದ್ದುದು ಅವಳ ದುರದೃಷ್ಟ ಎಂದೂ ಹೇಳಿತು. ಇಂದಿಗೂ ಲಕ್ಷಾಂತರ ಜನ ಆಧರಿಸುವ ತತ್ತ್ವ ಅವಳ ಹೆಸರಿನಲ್ಲಿದೆ. ಆದರೆ ಮೊಕದ್ದಮೆಯಲ್ಲಿ ಅವಳು ಸೋತಳು.

ನೀವು ಶಿಕ್ಷಕರಾಗಿದ್ದವರು, ಆದ್ದರಿಂದ ಶಾಲೆಯ ಮಾತಿನಲ್ಲೇ ಹೇಳುತ್ತೇನೆ. ತಪ್ಪು ಮಾಡಿದ ಹುಡುಗನಿಗೆ ಟಿ.ಸಿ. ಕೊಟ್ಟು ಕಳುಹಿಸುವ ಅಧಿಕಾರ ಮುಖ್ಯೋಪಾಧ್ಯಾಯರಿಗೆ ಉಂಟು. ಆದರೂ ಹುಡುಗನನ್ನು ಕೋಣೆಗೆ ಕರೆಸಿ, ‘ಮಾಡಿದ್ದು ನೀನೇನಾ?’ ಎಂದು ಒಂದು ಮಾತು ಕೇಳದೆ ಯಾವ ಮುಖ್ಯೋಪಾಧ್ಯಾಯರೂ ಆ ಕಾಗದಕ್ಕೆ ಸಹಿ ಹಾಕುವುದಿಲ್ಲ. ನ್ಯಾಯಸಮ್ಮತ ಪ್ರಕ್ರಿಯೆ ಎಂದರೆ ಅಮೆರಿಕದಲ್ಲಿ ಉಳಿದುಕೊಳ್ಳುವ ಹಕ್ಕು ಎಂಬ ತಪ್ಪು ತಿಳಿವಳಿಕೆ ಪರ ವಹಿಸುವವರಲ್ಲೂ ಇದೆ, ವಿರೋಧಿಸುವವರಲ್ಲೂ ಇದೆ. ಅಲ್ಲಿ ಇರುವುದು ಕೇಳಿಸಿಕೊಳ್ಳಬೇಕೆಂಬ ಹಕ್ಕು ಮಾತ್ರ. ಅಷ್ಟಕ್ಕೂ, ಎದುರಿಗಿರುವವನು ದಾಖಲೆಯಿಲ್ಲದವನು ಎಂಬುದೇ ವಿಚಾರಣೆಯಿಂದ ತೀರ್ಮಾನವಾಗಬೇಕಾದ ಸಂಗತಿ. ದಾಖಲೆಯಿಲ್ಲದವನಿಗೆ ವಿಚಾರಣೆ ಬೇಕಿಲ್ಲ ಎಂದು ಒಪ್ಪಿಕೊಂಡರೆ, ನಾಳೆ ತಪ್ಪಾಗಿ ಹಿಡಿದೊಯ್ದ ಅಮೆರಿಕದ ಪ್ರಜೆಯೊಬ್ಬ ತಾನು ಪ್ರಜೆ ಎಂದು ಯಾರ ಮುಂದೆ ಹೇಳಿಕೊಳ್ಳಬೇಕು?

ಪ್ರಶ್ನೆ: ಹಾಗಿದ್ದರೆ 2025ರ ಫೆಬ್ರುವರಿಯಲ್ಲಿ 104 ಮಂದಿ ಭಾರತೀಯರನ್ನು ಕೈಕಾಲಿಗೆ ಬೇಡಿ ಹಾಕಿ ಸೇನಾ ವಿಮಾನದಲ್ಲಿ ಕಳುಹಿಸಿದ್ದು ಹೇಗೆ? ಅವರನ್ನು ಯಾವ ನ್ಯಾಯಾಧೀಶರು ವಿಚಾರಿಸಿದ್ದರು?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಮೃತಸರದಲ್ಲಿ ಫೆಬ್ರುವರಿ 5ರಂದು ಇಳಿದ ಆ ಸಿ-17 ವಿಮಾನದಲ್ಲಿದ್ದವರು ಹೆಚ್ಚಾಗಿ ಹರಿಯಾಣ, ಗುಜರಾತ್ ಮತ್ತು ಪಂಜಾಬಿನವರು, ಅನೇಕರು ಏಜೆಂಟರಿಗೆ ಲಕ್ಷಗಟ್ಟಲೆ ಹಣ ಕೊಟ್ಟು, ‘ಡಂಕಿ’ ಎಂದು ಕರೆಯುವ ಕಾಡುದಾರಿಗಳಲ್ಲಿ ಮೆಕ್ಸಿಕೊ ಗಡಿ ತಲುಪಿದವರು. ಬೇಡಿಯ ವಿಷಯ ಮರುದಿನ ರಾಜ್ಯಸಭೆಯಲ್ಲಿ ಪ್ರಸ್ತಾಪವಾದಾಗ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರು, ಇದು 2012ರಿಂದ ಅಮೆರಿಕ ಪಾಲಿಸುತ್ತಿರುವ ಕ್ರಮವೆಂದು ವಿವರಿಸಿದರು. ಬೇಡಿ ತೊಡಿಸಿದ್ದು ನನಗೂ ಸರಿಯೆನಿಸಲಿಲ್ಲ. ಆದರೆ ಅದು ಘನತೆಯ ಪ್ರಶ್ನೆ, ನೀವು ಕೇಳಿರುವುದು ವಿಚಾರಣೆಯ ಪ್ರಶ್ನೆ.

ನ್ಯಾಯಾಧೀಶರನ್ನು ನೋಡದೆಯೇ ಹಿಂದಿರುಗುವ ದಾರಿಯೊಂದು ಅಮೆರಿಕದ ಕಾನೂನಿನಲ್ಲೇ ಇದೆ. ಕ್ಲಿಂಟನ್ ಅವರ ಕಾಲದಲ್ಲಿ, 1996ರಲ್ಲಿ, ಸಂಸತ್ತು ಜಾರಿಗೆ ತಂದ ಈ ‘ತ್ವರಿತ ಗಡೀಪಾರು’ ಪದ್ಧತಿಯಲ್ಲಿ ಗಡಿಯ ಅಧಿಕಾರಿಯೇ ಆದೇಶ ಹೊರಡಿಸುತ್ತಾನೆ, ಮೇಲ್ಮನವಿಗೆ ಬಹುಮಟ್ಟಿಗೆ ಅವಕಾಶವಿಲ್ಲ, ಮುಂದಿನ ಐದು ವರ್ಷ ಮತ್ತೆ ಬರುವಂತಿಲ್ಲ. ಸಿಕ್ಕಿಬಿದ್ದವನು ತನ್ನ ದೇಶಕ್ಕೆ ಮರಳಲು ಭಯವಿದೆ ಎಂದು ಹೇಳಿದರೆ ಮಾತ್ರ ಆಶ್ರಯದ ಕೋರಿಕೆಗಳನ್ನು ನೋಡುವ ಅಧಿಕಾರಿಯೊಬ್ಬರು ಅವನನ್ನು ಮಾತನಾಡಿಸುತ್ತಾರೆ. ಆ ಭಯ ನಂಬಲರ್ಹವಲ್ಲವೆಂದು ಅವರು ಕಂಡುಕೊಂಡರೆ, ವಲಸೆ ನ್ಯಾಯಾಧೀಶರೊಬ್ಬರು ಏಳು ದಿನಗಳೊಳಗೆ ಅದನ್ನೊಮ್ಮೆ ಪರಿಶೀಲಿಸುತ್ತಾರೆ. ಅಲ್ಲಿಗೆ ಮುಗಿಯಿತು.

ಇದು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದವನು ಶ್ರೀಲಂಕಾದ ಒಬ್ಬ ತಮಿಳು ಯುವಕ. 2017ರಲ್ಲಿ ಗಡಿ ದಾಟಿ 25 ಗಜ, ಅಂದರೆ ಸುಮಾರು 23 ಮೀಟರ್ ಒಳಗೆ ಬರುವಷ್ಟರಲ್ಲಿ ಅವನು ಸಿಕ್ಕಿಬಿದ್ದಿದ್ದ. ಇಷ್ಟು ಹತ್ತಿರದಲ್ಲಿ ಸಿಕ್ಕವನನ್ನು ಇನ್ನೂ ಹೊಸ್ತಿಲಿನ ಹೊರಗೆ ನಿಂತವನಂತೆಯೇ ಪರಿಗಣಿಸಬೇಕು, ಅಂಥವನಿಗೆ ಸಂಸತ್ತು ಎಷ್ಟು ಪ್ರಕ್ರಿಯೆ ಕೊಟ್ಟಿದೆಯೋ ಅಷ್ಟೇ ಸಲ್ಲುತ್ತದೆ ಎಂದು 2020ರಲ್ಲಿ ಕೋರ್ಟಿನ ಬಹುಮತ ಹೇಳಿತು. ನ್ಯಾಯಮೂರ್ತಿ ಸೋಟೊಮೇಯರ್ ಭಿನ್ನಮತ ಬರೆದರು. ಸಿಯಾಟಲ್‌ನ ಹುಡುಗಿಗೆ ನಾಲ್ಕು ದಿನದಲ್ಲಿ ಒದಗಿದ ರಕ್ಷಣೆ ಈ ಯುವಕನಿಗೆ 23 ಮೀಟರಿನಲ್ಲಿ ಒದಗಲಿಲ್ಲ. ಹಾಗಾದರೆ ಗೆರೆ ಎಲ್ಲಿದೆ ಎಂದು ನೀವು ತರಗತಿಯಲ್ಲಿ ಕೇಳಿದರೆ ನಿಮ್ಮ ಪ್ರಾಧ್ಯಾಪಕರು ಸ್ವಲ್ಪ ಹೊತ್ತು ಸುಮ್ಮನಿರುವ ಸಾಧ್ಯತೆಯಿದೆ.

ಆ ಗೆರೆಯ ಸುತ್ತಲೇ ಈಗಿನ ಜಗಳ ನಡೆದಿದೆ. 2004ರಿಂದ ತ್ವರಿತ ಗಡೀಪಾರನ್ನು ನೆಲದ ಗಡಿಯಿಂದ 100 ಮೈಲಿಯೊಳಗೆ, ದೇಶಕ್ಕೆ ಬಂದು 14 ದಿನ ತುಂಬದವರ ಮೇಲೆ ಬಳಸಲಾಗುತ್ತಿತ್ತು. 2025ರ ಜನವರಿಯಲ್ಲಿ ಅದನ್ನು ಇಡೀ ದೇಶಕ್ಕೂ, ಎರಡು ವರ್ಷ ತುಂಬದ ಎಲ್ಲರಿಗೂ ವಿಸ್ತರಿಸಲಾಯಿತು. ಅಂದರೆ ನ್ಯೂಯಾರ್ಕಿನ ನಡುಬೀದಿಯಲ್ಲಿ ಹಿಡಿದವನೂ ತಾನು ಎರಡು ವರ್ಷದಿಂದ ಇದ್ದೇನೆಂದು ಆ ಅಧಿಕಾರಿಗೇ ಸಾಬೀತುಪಡಿಸಬೇಕು. ದೇಶದೊಳಗೆ ನೆಲಸಿದವರಿಗೆ ಇಷ್ಟು ಅವಸರದ ಕ್ರಮ ಸಲ್ಲದೆಂದು ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಧೀಶರೊಬ್ಬರು ಅದೇ ಆಗಸ್ಟ್‌ನಲ್ಲಿ ತಡೆ ಕೊಟ್ಟರು; ಸರ್ಕಾರ ಮೇಲ್ಮನವಿ ಸಲ್ಲಿಸಿತು.

ಪ್ರಶ್ನೆ: ನನ್ನ ತಂಗಿಯ ಮಗ ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದಲ್ಲಿದ್ದು ಕೆಲಸ ಕಳೆದುಕೊಂಡಿದ್ದಾನೆ. ವೀಸಾ ಅವಧಿ ಮೀರಿ ಉಳಿದರೆ ಅವನನ್ನೂ ನೇರವಾಗಿ ವಿಮಾನ ಹತ್ತಿಸುತ್ತಾರೆಯೇ?
— ಓದುಗರು, ದಾವಣಗೆರೆ

ಉತ್ತರ: ಹಾಗೆ ಮಾಡುವಂತಿಲ್ಲ. ವೀಸಾ ತೋರಿಸಿ ಒಳಬಂದವರಿಗೆ ಮೇಲಿನ ತ್ವರಿತ ಕ್ರಮ ಅನ್ವಯಿಸುವುದಿಲ್ಲ. ಅವರ ವಿಷಯ ವಲಸೆ ನ್ಯಾಯಾಲಯಕ್ಕೆ ಹೋಗಬೇಕು. ಕೆಲಸ ಹೋದ ಮೇಲೆ ಸಾಮಾನ್ಯವಾಗಿ ಗರಿಷ್ಠ 60 ದಿನಗಳ ಬಿಡುವು ಇದ್ದು, ಅಷ್ಟರಲ್ಲಿ ಬೇರೆ ಕಂಪನಿ ಅವನ ಪರವಾಗಿ ಅರ್ಜಿ ಹಾಕಬೇಕು, ಇಲ್ಲವೇ ಅವನು ಬೇರೆ ಬಗೆಯ ವೀಸಾಕ್ಕೆ ಬದಲಾಯಿಸಿಕೊಳ್ಳಲು ಅರ್ಜಿ ಕೊಡಬೇಕು, ಇಲ್ಲವೇ ಹೊರಡಬೇಕು. ಅಕ್ರಮ ವಾಸ 180 ದಿನ ಮೀರಿದ ಮೇಲೆ ಹೊರಬಿದ್ದವನಿಗೆ ಮೂರು ವರ್ಷ, ಒಂದು ವರ್ಷ ತುಂಬಿದವನಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ಈ ಲೆಕ್ಕವನ್ನು ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ವಲಸೆ ನ್ಯಾಯಾಲಯದ ಪ್ರಕರಣ ಒಂದು ನೋಟಿಸಿನಿಂದ ಶುರುವಾಗುತ್ತದೆ. ನಮ್ಮ ಕೋರ್ಟುಗಳ ಸಮನ್ಸ್ ನೋಡಿದವರಿಗೆ ಅದರ ರೂಪ ಅಪರಿಚಿತವೇನಲ್ಲ. ಸರ್ಕಾರ ಅದರಲ್ಲಿ ಅಂಕೆ ಹಾಕಿ ಆಪಾದನೆಗಳನ್ನು ಬರೆಯುತ್ತದೆ: ನೀವು ಅಮೆರಿಕದ ಪ್ರಜೆಯಲ್ಲ, ನೀವು ಭಾರತದ ಪ್ರಜೆ, ಇಂಥ ದಿನ, ಇಂಥ ಊರಿನಲ್ಲಿ, ಇಂಥ ವೀಸಾದ ಮೇಲೆ ಒಳಬಂದಿರಿ, ಇಂಥ ದಿನದ ಬಳಿಕ ಅನುಮತಿಯಿಲ್ಲದೆ ಉಳಿದಿದ್ದೀರಿ. ಕೊನೆಯಲ್ಲಿ ಯಾವ ಕಲಮಿನಡಿ ಹೊರಹಾಕಬೇಕೆಂಬುದು, ನಂತರ ಹಾಜರಾಗಬೇಕಾದ ಸ್ಥಳ, ದಿನ ಮತ್ತು ಗಂಟೆ. ಎಷ್ಟೋ ವರ್ಷ ಸರ್ಕಾರ ದಿನ ಮತ್ತು ಗಂಟೆಯ ಜಾಗವನ್ನು ಖಾಲಿ ಬಿಟ್ಟು, ‘ನಂತರ ತಿಳಿಸಲಾಗುವುದು’ ಎಂದು ಬರೆದು ಕಳುಹಿಸುತ್ತಿತ್ತು. ಕಾನೂನು ಕೇಳುವ ವಿವರಗಳೆಲ್ಲ ಒಂದೇ ನೋಟಿಸಿನಲ್ಲಿರಬೇಕು, ಕಂತುಕಂತಾಗಿ ಕಳುಹಿಸಿದ ಚೀಟಿಗಳನ್ನು ಕೂಡಿಸಿ ನೋಟಿಸ್ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಹಾಜರಾಗದಿದ್ದರೆ ಗೈರುಹಾಜರಿಯಲ್ಲೇ ಗಡೀಪಾರು ಆದೇಶವಾಗುತ್ತದೆಯಾದ್ದರಿಂದ ಆ ಖಾಲಿ ಜಾಗ ಸಣ್ಣ ವಿಷಯವಾಗಿರಲಿಲ್ಲ.

ಎರಡು ಸಂಗತಿಗಳು ನಮ್ಮವರನ್ನು ಅಚ್ಚರಿಗೊಳಿಸುತ್ತವೆ. ಮೊದಲನೆಯದಾಗಿ, ಅಲ್ಲಿ ಕುಳಿತ ನ್ಯಾಯಾಧೀಶರು ಸ್ವತಂತ್ರ ನ್ಯಾಯಾಂಗಕ್ಕೆ ಸೇರಿದವರಲ್ಲ. ನ್ಯಾಯ ಇಲಾಖೆಯ ನೌಕರರು, ಅಂದರೆ ಅಟಾರ್ನಿ ಜನರಲ್ ಅವರ ಕೈಕೆಳಗಿನವರು. ಅವರ ಮೇಲಿನ ವಲಸೆ ಮೇಲ್ಮನವಿ ಮಂಡಳಿಯೂ ಅದೇ ಇಲಾಖೆಯದು. ನಿಜವಾದ ಫೆಡರಲ್ ನ್ಯಾಯಾಲಯ ಸಿಗುವುದು ಅದಾದ ಮೇಲೆ. ಎರಡನೆಯದಾಗಿ, ಸರ್ಕಾರದ ಪರ ವಕೀಲರಿರುತ್ತಾರೆ, ಎದುರಿಗಿರುವವರಿಗೆ ಸರ್ಕಾರಿ ಖರ್ಚಿನ ವಕೀಲರಿರುವುದಿಲ್ಲ. ವಕೀಲರನ್ನಿಟ್ಟುಕೊಳ್ಳುವ ಹಕ್ಕುಂಟು, ಹಣ ಮಾತ್ರ ಅವರದೇ. ಗಡೀಪಾರು ಶಿಕ್ಷೆಯಲ್ಲ, ಸಿವಿಲ್ ಕ್ರಮ ಎಂದು 1893ರಷ್ಟು ಹಿಂದೆಯೇ ಆದ ತೀರ್ಪಿನ ಫಲವಿದು. ಜೇಬುಗಳ್ಳನಿಗೆ ಸಿಗಬಹುದಾದ ಸರ್ಕಾರಿ ವಕೀಲರು, ತಾಯಿಯಿಲ್ಲದೆ ಒಬ್ಬಂಟಿಯಾಗಿ ಕಟಕಟೆಗೆ ಬಂದ ಮಗುವಿಗೆ ಹಕ್ಕಾಗಿ ಸಿಗುವುದಿಲ್ಲ. ಈ ವ್ಯವಸ್ಥೆಯನ್ನು ಎಷ್ಟೇ ತಾಳ್ಮೆಯಿಂದ ನೋಡಿದರೂ ಇದೊಂದನ್ನು ಸಮರ್ಥಿಸಲು ನನಗೆ ಸಾಧ್ಯವಾಗಿಲ್ಲ.

ಪ್ರಶ್ನೆ: ಲಕ್ಷಾಂತರ ಜನರಿಗೆ ಒಬ್ಬೊಬ್ಬರಂತೆ ವಿಚಾರಣೆ ನಡೆಸಿದರೆ ನೂರಾರು ವರ್ಷ ಬೇಕೆಂದು ಅಲ್ಲಿನ ಅಧ್ಯಕ್ಷರೇ ಹೇಳಿದ್ದಾರೆ. ವ್ಯವಹಾರ ಬಲ್ಲವರಿಗೆ ಅದು ಸರಿಯೆಂದೇ ತೋರುತ್ತದೆ. ತಮ್ಮ ಅಭಿಪ್ರಾಯವೇನು?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಉತ್ತರ: ಟ್ರಂಪ್ ಅವರು 2025ರ ಏಪ್ರಿಲ್‌ನಲ್ಲಿ ಹೇಳಿದ್ದು 200 ವರ್ಷ ಎಂದು. ಹೊರೆ ಸುಳ್ಳಲ್ಲ. ಆ ವರ್ಷದ ಆರಂಭದಲ್ಲಿ ವಲಸೆ ನ್ಯಾಯಾಲಯಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಬಾಕಿಯಿದ್ದವು, ನ್ಯಾಯಾಧೀಶರು ಸುಮಾರು 700. ಆದರೆ ಸಾಲದ ಕಡತಗಳು ರಾಶಿ ಬಿದ್ದಿವೆಯೆಂದು ಕಡತ ತೆರೆಯದೆಯೇ ಹರಾಜು ಹಾಕಿ ಎಂದು ನೀವು ನಿಮ್ಮ ಶಾಖೆಯಲ್ಲಿ ಆದೇಶಿಸಿರಲಾರಿರಿ. ಇನ್ನಿಬ್ಬರು ಗುಮಾಸ್ತರನ್ನು ಕೇಳಿರುತ್ತೀರಿ. ಅಲ್ಲಿ ಆ ವರ್ಷ ನಡೆದದ್ದು ಇದಕ್ಕೆ ವಿರುದ್ಧ: ಇದ್ದ ನ್ಯಾಯಾಧೀಶರಲ್ಲೇ ಹಲವರನ್ನು ಕೆಲಸದಿಂದ ತೆಗೆಯಲಾಯಿತು.

ಮೇಲಾಗಿ, ಯಾರೂ ಎಲ್ಲರಿಗೂ ಜ್ಯೂರಿ ಕೂರಿಸಿ ಮೊಕದ್ದಮೆ ನಡೆಸಿ ಎಂದು ಕೇಳುತ್ತಿಲ್ಲ. ಎಷ್ಟು ಪ್ರಕ್ರಿಯೆ ಸಾಕು ಎಂಬುದಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲಿ ಒಂದು ತಕ್ಕಡಿ ಕೊಟ್ಟಿದೆ. ವ್ಯಕ್ತಿ ಕಳೆದುಕೊಳ್ಳುವುದು ಎಷ್ಟು, ಇರುವ ಕ್ರಮದಿಂದ ತಪ್ಪಾಗುವ ಸಂಭವ ಎಷ್ಟು, ಹೆಚ್ಚಿನ ಕ್ರಮದಿಂದ ಸರ್ಕಾರಕ್ಕೆ ಬೀಳುವ ಭಾರ ಎಷ್ಟು ಎಂಬ ಮೂರನ್ನೂ ಅದರಲ್ಲಿ ತೂಗಬೇಕು. ಕೆಲವರಿಗೆ ಅರ್ಧ ಗಂಟೆಯ ವಿಚಾರಣೆಯೂ ಸಾಕಾದೀತು. ಏನೂ ಇಲ್ಲದೆ ನಡೆಯದು ಎಂಬುದರಲ್ಲಿ ಮಾತ್ರ ಬಲಪಂಥ ಎಡಪಂಥ ಎಂಬ ಭೇದವಿರಲಿಲ್ಲ. ಗಡೀಪಾರು ಪ್ರಕರಣಗಳಲ್ಲಿ ವಿದೇಶಿಯರಿಗೆ ಐದನೆಯ ತಿದ್ದುಪಡಿಯ ರಕ್ಷಣೆ ಇರುವುದು ಸುಸ್ಥಾಪಿತ ಎಂದು 1993ರಲ್ಲಿ ಬರೆದವರು ಸಂಪ್ರದಾಯವಾದಿಗಳ ಆರಾಧ್ಯರಾದ ನ್ಯಾಯಮೂರ್ತಿ ಸ್ಕಾಲಿಯ.

ಕೇಳದೆ ಕಳುಹಿಸಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಮಾರ್ಚ್ 15 ಸಾಕ್ಷಿ. 1798ರ ‘ಶತ್ರು ವಿದೇಶಿಯರ ಕಾಯ್ದೆ’ಯನ್ನು ಆವರೆಗೆ ಬಳಸಿದ್ದು ಮೂರೇ ಸಲ, ಮೂರೂ ಘೋಷಿತ ಯುದ್ಧಗಳಲ್ಲಿ. ಅದನ್ನು ವೆನೆಜುವೆಲಾದ ಒಂದು ಅಪರಾಧಿ ಕೂಟದ ಸದಸ್ಯರೆಂದು ಸರ್ಕಾರ ಹೇಳಿದವರ ಮೇಲೆ ಪ್ರಯೋಗಿಸಿ, ನೂರಕ್ಕೂ ಹೆಚ್ಚು ಜನರನ್ನು ಆ ದಿನ ಎಲ್ ಸಾಲ್ವಡಾರ್ ದೇಶದ ಸೆರೆಮನೆಗೆ ಹಾರಿಸಲಾಯಿತು. ವಿಮಾನಗಳನ್ನು ಹಿಂದಕ್ಕೆ ಕರೆಸಿ ಎಂದು ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಧೀಶ ಬೋಸ್‌ಬರ್ಗ್ ಅದೇ ಸಂಜೆ ಹೇಳಿದರೂ ಅವು ಹಿಂದಿರುಗಲಿಲ್ಲ. ಅದೇ ದಿನದ ವಿಮಾನವೊಂದರಲ್ಲಿ, ಆ ಕಾಯ್ದೆಗೆ ಸಂಬಂಧವೇ ಇಲ್ಲದ ಮೇರಿಲ್ಯಾಂಡ್ ನಿವಾಸಿಯೊಬ್ಬನೂ ಇದ್ದ. ಅವನನ್ನು ಎಲ್ ಸಾಲ್ವಡಾರ್‌ಗೆ ಮಾತ್ರ ಕಳುಹಿಸಕೂಡದೆಂದು 2019ರಲ್ಲೇ ವಲಸೆ ನ್ಯಾಯಾಧೀಶರು ಆದೇಶಿಸಿದ್ದರು; ಕಳುಹಿಸಿದ್ದು ಸರಿಯಾಗಿ ಅಲ್ಲಿಗೇ. ಇದು ಆಡಳಿತದ ಪ್ರಮಾದ ಎಂದು ಸರ್ಕಾರವೇ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು, ಅವನ ವಾಪಸಾತಿಗೆ ಅನುವು ಮಾಡಿಕೊಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ ಏಪ್ರಿಲ್ 10ರಂದು ಎತ್ತಿಹಿಡಿಯಿತು, ಅವನು ಮರಳಿದ್ದು ಜೂನ್‌ನಲ್ಲಿ. ‘ಇವನ ಮೇಲೆ ಹಳೆಯ ಆದೇಶವೇನಾದರೂ ಇದೆಯೇ?’ ಎಂದು ವಿಮಾನ ಹತ್ತಿಸುವ ಮುನ್ನ ಕಡತ ನೋಡಿ ಕೇಳಿದ್ದರೆ ಐದು ನಿಮಿಷದ ಕೆಲಸವಾಗಿತ್ತು.

ಶತ್ರು ವಿದೇಶಿಯರ ಕಾಯ್ದೆಯಡಿ ಕಳುಹಿಸುವಾಗಲೂ ಮೊದಲೇ ನೋಟಿಸ್ ಕೊಡಬೇಕು, ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಲು ಸಾಕಷ್ಟು ಸಮಯ ಇರಬೇಕು ಎಂದು ಏಪ್ರಿಲ್ 7ರಂದು ಸುಪ್ರೀಂ ಕೋರ್ಟ್ ಹೇಳಿತು. ಉಳಿದ ವಿಷಯಗಳಲ್ಲಿ 5-4 ಎಂದು ಒಡೆದಿದ್ದ ನ್ಯಾಯಮೂರ್ತಿಗಳು ಇದೊಂದರಲ್ಲಿ ಒಂಬತ್ತು ಮಂದಿಯೂ ಒಮ್ಮತದಿಂದಿದ್ದರು. ಬಳಿಕ ಸರ್ಕಾರ ಸುಮಾರು 24 ಗಂಟೆಯ ನೋಟಿಸ್ ಕೊಡತೊಡಗಿದಾಗ, ಅದು ಸಾಲದೆಂದು ಮೇ 16ರಂದು ಮತ್ತೆ ಹೇಳಿತು.

ಪ್ರಶ್ನೆ: ‘ಡ್ಯೂ ಪ್ರೊಸೆಸ್’ ಎಂಬ ಮಾತು ನಮ್ಮ ಸಂವಿಧಾನದಲ್ಲಿ ಇಲ್ಲವೆಂದು ಓದಿದ್ದೇನೆ. ಭಾರತದಿಂದ ಹೊರಹಾಕಲ್ಪಡುವ ವಿದೇಶಿಯನಿಗೆ ಅಂಥ ರಕ್ಷಣೆ ಇದೆಯೇ?
— ಕಿರಿಯ ವಕೀಲರು, ಮಂಗಳೂರು

ಉತ್ತರ: ಆ ಮಾತು ಇಲ್ಲದಿರುವುದರ ಹಿಂದೆ ನಿಮ್ಮ ಕರಾವಳಿಯವರೇ ಇದ್ದಾರೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಅವರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡಾಗ, ಈ ನುಡಿಗಟ್ಟನ್ನು ಹಾಕಿದರೆ ಜನ ಆರಿಸಿದ ಶಾಸಕರ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ತಳ್ಳಿಹಾಕುವ ಅಪಾಯವಿದೆ ಎಂದು ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಹೀಗೆ ಕರಡಿನಲ್ಲಿದ್ದ ಡ್ಯೂ ಪ್ರೊಸೆಸ್ ಹೋಗಿ, 21ನೆಯ ವಿಧಿಗೆ ‘ಕಾನೂನು ಸ್ಥಾಪಿಸಿದ ಪ್ರಕ್ರಿಯೆ’ ಬಂತು. ಸಂಸತ್ತನ್ನು ಪೂರ್ತಿ ನಂಬುವಂತಿಲ್ಲ, ನ್ಯಾಯಾಧೀಶರನ್ನೂ ಪೂರ್ತಿ ನಂಬುವಂತಿಲ್ಲ ಎಂಬ ಅತ್ತ ದರಿ ಇತ್ತ ಪುಲಿ ಸ್ಥಿತಿಯನ್ನು 1948ರ ಡಿಸೆಂಬರಿನಲ್ಲಿ ಅಂಬೇಡ್ಕರ್ ಅವರು ಸಭೆಯ ಮುಂದಿಟ್ಟು, ತೀರ್ಮಾನವನ್ನು ಸಭೆಗೇ ಬಿಟ್ಟರು. ಮುಂದೆ 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಆ ಪ್ರಕ್ರಿಯೆ ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದಾಗ, ಮುಂಬಾಗಿಲಿನಿಂದ ಕಳುಹಿಸಿದ್ದು ಹಿತ್ತಿಲಿನಿಂದ ಮನೆಯೊಳಕ್ಕೆ ಬಂದಂತಾಯಿತು.

ನಮ್ಮ 14 ಮತ್ತು 21ನೆಯ ವಿಧಿಗಳಲ್ಲೂ ಇರುವುದು ‘ವ್ಯಕ್ತಿ’. 19ರಲ್ಲಿ ಮಾತ್ರ ‘ನಾಗರಿಕರು’. ಆದ್ದರಿಂದ ವಿದೇಶಿಯನ ಜೀವ ಮತ್ತು ಸ್ವಾತಂತ್ರ್ಯಕ್ಕೆ ರಕ್ಷಣೆಯುಂಟು, ಇಲ್ಲಿ ನೆಲಸುವ ಹಕ್ಕಿಲ್ಲ. ಹೊರಹಾಕುವ ವಿಷಯದಲ್ಲಿ ಸರ್ಕಾರದ ಅಧಿಕಾರ ಅಪರಿಮಿತವೆಂದು 1955ರ ಹಾನ್ಸ್ ಮುಲ್ಲರ್ ತೀರ್ಪು ಹೇಳಿದ್ದನ್ನು ಇಂದಿಗೂ ಉದ್ಧರಿಸಲಾಗುತ್ತದೆ. ಜಮ್ಮುವಿನ ರೋಹಿಂಗ್ಯಾಗಳ ಬಗ್ಗೆ 2021ರಲ್ಲಿ ಕೊಟ್ಟ ಮಧ್ಯಂತರ ಆದೇಶದಲ್ಲಿ, ನಿಗದಿತ ಕ್ರಮ ಪಾಲಿಸದೆ ಗಡೀಪಾರು ಮಾಡಕೂಡದು ಎಂಬಷ್ಟಕ್ಕೆ ಕೋರ್ಟ್ ನಿಂತಿತು. ತಾನು ವಿದೇಶಿಯಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಇಲ್ಲಿ ಆ ವ್ಯಕ್ತಿಯ ಮೇಲೆಯೇ ಹೊರಿಸಲಾಗಿದೆ. ಅಮೆರಿಕದಲ್ಲಿ ಅವನು ವಿದೇಶಿ ಎಂಬುದನ್ನು ಸರ್ಕಾರವೇ ಮೊದಲು ತೋರಿಸಬೇಕು. ಅಲ್ಲಿನದನ್ನು ಟೀಕಿಸುವಾಗ ಈ ವ್ಯತ್ಯಾಸ ನಮ್ಮ ನೆನಪಿನಲ್ಲಿರಲಿ.

ಪ್ರಶ್ನೆ: ಮಗ, ಸೊಸೆ ನ್ಯೂಜೆರ್ಸಿಯಲ್ಲಿದ್ದಾರೆ. ಕಾಗದಪತ್ರ ಎಲ್ಲ ಸರಿ ಇದೆ ಅಂತಾರೆ. ಆದರೂ ಅಧಿಕಾರಿಗಳು ಬಾಗಿಲು ಬಡಿದರೆ ಏನು ಮಾಡಬೇಕು? ಇಲ್ಲಿ ಕೂತ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.
— ತಾಯಿ, ಹುಬ್ಬಳ್ಳಿ

ಉತ್ತರ: ಅಮ್ಮಾ, ಕಾಗದಪತ್ರ ಸರಿಯಿದ್ದವರಿಗೆ ಭಯಕ್ಕಿಂತ ತಯಾರಿ ಮುಖ್ಯ. ಹದಿನೆಂಟು ತುಂಬಿದ ವಿದೇಶಿಯರು ಗ್ರೀನ್ ಕಾರ್ಡ್ ಅಥವಾ ನೋಂದಣಿಯ ಪುರಾವೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕೆಂಬುದು ಅಲ್ಲಿನ ಹಳೆಯ ಕಾನೂನು. ಅದನ್ನು ಮನೆಯ ಕಪಾಟಿನಲ್ಲಿ ಭದ್ರವಾಗಿಟ್ಟರೆ ಸಾಲದು. ವಾರಂಟ್‌ಗಳಲ್ಲಿ ಎರಡು ಬಗೆಯಿದೆ: ನ್ಯಾಯಾಧೀಶರು ಸಹಿ ಹಾಕಿದ್ದು ಒಂದು, ವಲಸೆ ಇಲಾಖೆಯ ಅಧಿಕಾರಿಯೇ ಸಹಿ ಹಾಕಿದ್ದು ಇನ್ನೊಂದು. ಎರಡನೆಯದನ್ನು ತೋರಿಸಿ, ಮನೆಯವರ ಒಪ್ಪಿಗೆ ಇಲ್ಲದೆ ಒಳನುಗ್ಗುವಂತಿಲ್ಲ ಎಂಬುದು ನಾಲ್ಕನೆಯ ತಿದ್ದುಪಡಿಯ ಬಗ್ಗೆ ಬಹುಕಾಲದಿಂದ ಇರುವ ತಿಳಿವಳಿಕೆ. ಆದ್ದರಿಂದ ಕಾಗದವನ್ನು ಕಿಟಕಿಯಲ್ಲಿ ತೋರಿಸಲು ಕೇಳಿ ಸಹಿ ಯಾರದೆಂದು ನೋಡಬೇಕು. ಬಲವಂತವಾಗಿ ಒಳಬಂದರೆ ದೈಹಿಕವಾಗಿ ತಡೆಯಬಾರದು. ಸುಮ್ಮನಿರಬಹುದು, ಸುಳ್ಳು ಹೇಳಬಾರದು. ಓದದೆ, ವಕೀಲರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಹಾಕಬಾರದು, ಏಕೆಂದರೆ ಕೆಲವು ಕಾಗದಗಳ ಅರ್ಥ ‘ನನಗೆ ವಿಚಾರಣೆ ಬೇಡ’ ಎಂದಿರುತ್ತದೆ. ಬಂಧನವಾದರೆ ಭಾರತದ ದೂತಾವಾಸಕ್ಕೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಲ್ಲಿದೆ.

ನೀವು ಇಲ್ಲಿಂದ ಮಾಡಬಹುದಾದದ್ದೂ ಒಂದಿದೆ. ಗ್ರೀನ್ ಕಾರ್ಡ್ ಇದ್ದವರಿಗೆ, ಮತ್ತು ವಲಸೆ ಇಲಾಖೆಯಲ್ಲಿ ಕಡತ ತೆರೆದಿರುವ ಇತರ ಹಲವರಿಗೆ, ‘ಎ’ ಅಕ್ಷರದ ಮುಂದೆ ಏಳರಿಂದ ಒಂಬತ್ತು ಅಂಕಿಗಳಿರುವ ಒಂದು ಸಂಖ್ಯೆ ಇರುತ್ತದೆ. ಬಂಧಿತರನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸಿದಾಗ ಅವರು ಎಲ್ಲಿದ್ದಾರೆಂದು ಇಲಾಖೆಯ ಜಾಲತಾಣದಲ್ಲಿ ಹುಡುಕಲು ಆ ಸಂಖ್ಯೆ ಮತ್ತು ಹುಟ್ಟಿದ ದೇಶದ ಹೆಸರು ಸಾಕು. ಮುಂದಿನ ಸಲ ಮಗ ಫೋನ್ ಮಾಡಿದಾಗ, ಅಂಥ ಸಂಖ್ಯೆ ಇದ್ದರೆ ಕೇಳಿ, ಅವನ ವಕೀಲರ ಫೋನ್ ನಂಬರಿನ ಜೊತೆಗೆ ನಿಮ್ಮ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.